ಬಾಗಿಲು ಹಾಕಿದ ಮೇಲೆ ಮೋತಿ

ಜೂನ್ ತಿಂಗಳ ಮೊದಲ ಸೋಮವಾರ. ಆಫೀಸಿನಲ್ಲಿ ಟಪಾಲು ವಹಿ ತೆಗೆದು ಕೂತಿದ್ದೆ. ಹನ್ನೊಂದೂಕಾಲಿಗೆ ಪಕ್ಕದ ಮನೆಯಿಂದ ಫೋನ್ ಬಂತು.

“ವೈನಿ, ನಿಮ್ಮ ನಾಯಿ ಒಂದೇ ಸಮ ಅಳ್ಲತ್ತದ ನೋಡ್ರಿ. ಬೊಗಳಿದ್ರ ಹೋಗ್ಲಿ ಅಂತ ಬಿಡ್ತಿದ್ದೆ. ಇದು ಅಳ್ಲತ್ತದ. ನಮ್ಮ ಅತ್ತಿ ಕುಂತಲ್ಲಿ ಕೂಡವಲ್ರು. ನಾಯಿ ಅತ್ತರ ಓಣಿಗೆ ಒಳ್ಳೇದಲ್ಲ ಅಂತಾರ.”

ಸಂಜೆ ಬಂದು ಕೀಲಿ ತೆಗೆದರೆ ಬಾಗಿಲು ಅರ್ಧಕ್ಕೇ ನಿಂತಿತು. ಹಿಂದೆ ಕಟ್ಟಿಗೆ ಚೂರು ಸಿಕ್ಕಿಕೊಂಡಿತ್ತು. ಚೌಕಟ್ಟಿನ ಕೆಳಗಿನ ಒಂದು ಗೇಣು ಕಡಿದು ಪುಡಿ ಮಾಡಿತ್ತು. ಅಲ್ಲೇ ಶಹಾಬಾದಿ ಪರ್ಸಿಯ ಮೇಲೆ ಉಚ್ಚೆ, ಜೊಲ್ಲು, ನಾಲ್ಕೈದು ಹನಿ ರಕ್ತ. ಬೆಳಿಗ್ಗೆ ಹಾಲಲ್ಲಿ ಮುರಿದು ಹಾಕಿದ್ದ ಜೋಳದ ರೊಟ್ಟಿ ಮುಟ್ಟದೆ ಹಾಗೇ ಉಬ್ಬಿ ಕೂತಿತ್ತು.

ಬಾಡಿಗೆ ಮನೆ. ಮಾಲಕರು ವರ್ಷಕ್ಕೊಮ್ಮೆ ಬಂದು ಆ ಸಾಗವಾನಿ ಚೌಕಟ್ಟನ್ನು ಕೈಯಲ್ಲಿ ಸವರಿ ಹೋಗುವ ಮನುಷ್ಯ. ನನಗೆ ನೆತ್ತಿಗೇರಿತು. ಕಾಲಲ್ಲಿದ್ದ ಚಪ್ಪಲಿ ಕೈಗೆ ಬಂತು. ಹೊಡೆಯಲಿಲ್ಲ, ಆದರೆ ಹೊಡೆಯುವವಳ ಹಾಗೆ ಎತ್ತಿದೆ. ಮೋತಿ ಕಿವಿ ಹಿಂದಕ್ಕೆ ಮಾಡಿ, ಮುಖ ಆಚೆ ತಿರುಗಿಸಿ, ಬಾಲ ಕಾಲಸಂದಿಗೆ ಸೇರಿಸಿಕೊಂಡು ಮಂಚದ ಕೆಳಗೆ ತೆವಳಿತು. “ನೋಡ್ರಿ, ಮಾಡಿದ್ದು ತಪ್ಪು ಅಂತ ಅದಕ್ಕೆ ಸರಿಯಾಗಿ ಗೊತ್ತದ” ಅಂತ ರಾತ್ರಿ ನಮ್ಮನೆಯವರಿಗೆ ಹೇಳಿದೆ. ಆ ಮಾತಿಗೆ ಆಮೇಲೆ ಬರ್ತೀನಿ.

ಮೋತಿ ಜಾತಿ ನಾಯಿ ಅಲ್ಲ. ಆಳಂದ ತಾಲೂಕಿನ ನಮ್ಮೂರಲ್ಲಿ ಹುಟ್ಟಿದ ಕಂದು ಬಣ್ಣದ ಊರನಾಯಿ. ಅಪ್ಪನ ಹಿಂದೆ ಹೊಲಕ್ಕೆ ಹೋಗುವುದು, ಅಪ್ಪನ ಹಿಂದೆ ಬರುವುದು, ಇಷ್ಟೇ ಐದು ವರ್ಷ ಅದರ ಕೆಲಸ. ಜನವರಿಯಲ್ಲಿ ಅಪ್ಪ ತೀರಿಕೊಂಡರು. ಅವ್ವನನ್ನು ತಮ್ಮ ಪುಣೆಗೆ ಕರೆದುಕೊಂಡು ಹೋದ. ಅವನ ಫ್ಲ್ಯಾಟಿನಲ್ಲಿ ನಾಯಿಗೆ ಜಾಗ ಇಲ್ಲ. ಎರಡು ತಿಂಗಳು ಊರಲ್ಲಿ ಅವರಿವರು ರೊಟ್ಟಿ ಹಾಕಿದರು. ಮಾರ್ಚಿನಲ್ಲಿ ಶರಣಬಸಪ್ಪನ ತೇರು ಮುಗಿದ ವಾರ ನಾನೇ ಹೋಗಿ ಗಾಡಿಯಲ್ಲಿ ಕೂರಿಸಿಕೊಂಡು ಕಲಬುರಗಿಗೆ ತಂದೆ.

ಮೊದಲ ಎರಡು ತಿಂಗಳು ಏನೂ ತೊಂದರೆ ಇರಲಿಲ್ಲ. ಇದನ್ನೇ ನಾನು ಎಲ್ಲರಿಗೂ ಒತ್ತಿ ಹೇಳುತ್ತಿದ್ದೆ. “ಬಂದಾಗ ಬಾಳ ಛಲೋ ಇತ್ತು, ಈಗ ಏನಾಗ್ಯದೋ” ಅಂತ. ನಮ್ಮ ಕಡೆಯವರಿಗೆ ಗೊತ್ತಿರುವ ವಿಷಯ: ಬೇಸಿಗೆಯಲ್ಲಿ ಬಿಸಿಲಿಗೆ ಹೆದರಿ ಸರ್ಕಾರ ಕಲಬುರಗಿ ವಿಭಾಗದ ಆಫೀಸುಗಳ ವೇಳೆ ಬದಲು ಮಾಡುತ್ತದೆ. ಏಪ್ರಿಲ್, ಮೇ ಎರಡು ತಿಂಗಳು ಬೆಳಿಗ್ಗೆ 8ರಿಂದ ಮಧ್ಯಾಹ್ನ 1:30. ನಾನು ಎರಡರ ಒಳಗೆ ಮನೆಯಲ್ಲಿ. ನಾನಿಲ್ಲದ ಬೆಳಗಿನ ಹೊತ್ತಿಗೆ ಮಗಳು ಇದ್ದಳು, ಪರೀಕ್ಷೆ ಮುಗಿಸಿ ರಜೆಗೆ ಬಂದಿದ್ದಳು. ಜೂನ್ ಬಂತು. ಮಗಳು ಧಾರವಾಡದ ಹಾಸ್ಟೆಲಿಗೆ ಹೊರಟಳು. ಅದೇ ವಾರ ಆಫೀಸು ಮತ್ತೆ 10ರಿಂದ 5:30ಕ್ಕೆ ಮರಳಿತು. ನಮ್ಮನೆಯವರು ಬೆಳಿಗ್ಗೆ ಏಳಕ್ಕೇ ಸೇಡಂ ಕಡೆ ಕೆಲಸಕ್ಕೆ ಹೋಗಿಬಿಡುತ್ತಾರೆ. ಅಂದರೆ ಮೋತಿಯ ಲೆಕ್ಕದಲ್ಲಿ, ಭಾನುವಾರ ತುಂಬಿದ ಮನೆ, ಸೋಮವಾರ ಏಳೂವರೆ ತಾಸು ಯಾರೂ ಇಲ್ಲ. ಇಷ್ಟು ನೇರವಾದ ಸಂಗತಿ ನನಗೆ ಹೊಳೆಯಲೇ ಇಲ್ಲ. ನಾವು ಹುಡುಕಿದ್ದು ಬೇರೆ ಬೇರೆ ಕಾರಣ.

ಪಕ್ಕದ ಮನೆಯ ಆಯಿ ದೃಷ್ಟಿ ಆಗ್ಯದ ಅಂದರು. ಉಪ್ಪು, ಒಣಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದ್ದಾಯಿತು. ನಾವಿಬ್ಬರೂ ಕೆಮ್ಮಿದೆವು, ಮೋತಿ ಸೀನಿತು. ಟಿವಿ ಹಚ್ಚಿಟ್ಟು ಹೋದೆ. ಒಂದು ದಿನ ಮಾಳಿಗೆ ಮೆಟ್ಟಿಲ ನೆರಳಲ್ಲಿ ಸರಪಳಿ ಹಾಕಿ ಕಟ್ಟಿದೆ. ಸರಪಳಿ ಕುತ್ತಿಗೆಗೆ ಸುತ್ತಿಕೊಂಡಿದ್ದನ್ನು ಪಕ್ಕದವರು ನೋಡದೆ ಹೋಗಿದ್ದರೆ ಈ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಆಫೀಸಿನಲ್ಲಿ ಒಬ್ಬರು ಇನ್ನೊಂದು ನಾಯಿ ತನ್ನಿ, ಜೊತೆ ಆಗ್ತದ ಅಂದರು. ದೇವರ ದಯೆ, ಅದೊಂದು ಮಾಡಲಿಲ್ಲ. ಊರಿನ ಒಬ್ಬ ಡಾಕ್ಟರು ಮಂಪರಿನ ಗುಳಿಗೆ ಕೊಟ್ಟರು. ಮೋತಿ ಕುಡುಕರ ಹಾಗೆ ತೂರಾಡುತ್ತಾ ಬಾಗಿಲಿಗೇ ಹೋಗಿ, ನಿಲ್ಲಲಾಗದೆ ಮಲಗಿಕೊಂಡೇ ಅತ್ತಿತಂತೆ. ಅವ್ವ ಪುಣೆಯಿಂದ ಫೋನಿನಲ್ಲಿ, “ಅದು ನಿಮ್ಮಪ್ಪನ್ನ ಹುಡುಕ್ಲತ್ತದ ಯವ್ವಾ” ಅಂದಳು. ಅದಾದ ಮೇಲೆ ಎರಡು ದಿನ ನನಗೆ ಸರಿಯಾಗಿ ಊಟ ಸೇರಲಿಲ್ಲ.

ಕೊನೆಗೆ ಒಂದು ಶನಿವಾರ ರಜೆ ಹಾಕಿ ಬೀದರಿಗೆ ಹೊರಟೆವು. ನಂದಿನಗರದಲ್ಲಿ ಪಶುವೈದ್ಯಕೀಯ ಕಾಲೇಜು ಇದೆ, ಅದರದೇ ಆಸ್ಪತ್ರೆ ಇದೆ. ಕಮಲಾಪುರ, ಹುಮನಾಬಾದ್ ದಾಟಿ ನೂರು ಕಿಲೋಮೀಟರಿಗೂ ಜಾಸ್ತಿ ದಾರಿ. ಕಮಲಾಪುರದಲ್ಲಿ ಗಾಡಿ ನಿಲ್ಲಿಸಿ ಕೆಂಪು ಬಾಳೆಹಣ್ಣು ತಗೊಂಡೆವು. ಮೋತಿ ಅರ್ಧ ಹಣ್ಣು ತಿಂದು, ಕಿಟಕಿಗೆ ಮೂತಿ ಹಚ್ಚಿ, ಮದುವೆಗೆ ಹೊರಟ ಬೀಗರ ಹಾಗೆ ಕೂತಿತ್ತು. ಇಂಥ ನಾಯಿಗೆ ರೋಗ ಇದೆ ಅಂತ ಯಾರು ನಂಬುತ್ತಾರೆ ಅನ್ನಿಸಿತು.

ಡಾಕ್ಟರು ಮೊದಲು ರಕ್ತ, ಉಚ್ಚೆ ಪರೀಕ್ಷೆ ಬರೆದರು. ಉಚ್ಚೆಯ ಸೋಂಕು ಇದ್ದರೂ ನಾಯಿ ಮನೆಯೊಳಗೆ ಮಾಡಿಕೊಳ್ಳುತ್ತದೆ. ನಮ್ಮ ಕಡೆ ಉಣ್ಣೆ ಹುಳ ಕಚ್ಚಿ ಬರುವ ಜ್ವರ ಬೇರೆ ಇದೆ. ಎರಡೂ ಇಲ್ಲ ಅಂತ ಗೊತ್ತಾದ ಮೇಲೆ ಕುರ್ಚಿ ಎಳೆದುಕೊಂಡು ಕೂತರು.

“ನೀವು ಇಲ್ದಾಗ ಅದು ಏನ್ ಮಾಡ್ತದ?”

“ಬಾಗಿಲಾ ಕಡೀತದ್ರಿ, ಒದರ್ತದ.”

“ನೀವು ನೋಡೀರೇನು?”

“ಇಲ್ರಿ, ನಾವು ಇರೂದಿಲ್ಲಲ್ರಿ.”

“ಅದಕ್ಕೇ ಕೇಳ್ಲತ್ತೀನಿ, ಮೇಡಂ. ಹಳೇ ಮೊಬೈಲ್ ಒಂದು ಅಲ್ಮಾರಿ ಮ್ಯಾಲ ಇಟ್ಟು ವಿಡಿಯೊ ಹಚ್ರಿ. ಅರ್ಧ ತಾಸು ಸಾಕು. ಅದು ನೋಡದೆ ನಾನು ಏನೂ ಹೇಳಂಗಿಲ್ಲ.”

ಅಪ್ಪನ ಕಥೆಯನ್ನೂ ಹೇಳಿದೆ. ಅವರು ಗಮನ ಕೊಟ್ಟು ಕೇಳಿದರು. “ಇರಬಹುದು, ಇಲ್ದಿರಬಹುದು. ಎರಡಕ್ಕೂ ಮಾಡೂ ಕೆಲಸ ಒಂದೇ” ಅಂದರು. ನನಗೆ ಆಗ ಬೇಜಾರಾಯಿತು. ಈಗ ಅನ್ನಿಸುತ್ತದೆ, ಅಷ್ಟು ದಿನದಲ್ಲಿ ನಾನು ಕೇಳಿದ ಮೊದಲ ಉಪಯೋಗದ ಮಾತು ಅದೇ.

ವಿಡಿಯೊ ಮಾಡಿದ್ದು ಮಂಗಳವಾರ. ನಾನು ಬೀದಿ ತುದಿಯ ಅಂಗಡಿ ಮುಂದೆ ನಿಂತು ಅರ್ಧ ತಾಸು ಕಳೆದು ಬಂದೆ. ರಾತ್ರಿ ಊಟ ಆದ ಮೇಲೆ ಇಬ್ಬರೂ ಕೂತು ನೋಡಿದೆವು.

ಶುರುವಿನಲ್ಲಿ ನಾನೇ ಇದ್ದೇನೆ. ಮೊಳೆಯಿಂದ ಚಾವಿ ತೆಗೆಯುತ್ತೇನೆ, ಅಷ್ಟಕ್ಕೇ ಮೋತಿ ಎದ್ದು ನಿಲ್ಲುತ್ತದೆ. ಬ್ಯಾಗ್ ಹೆಗಲಿಗೆ ಹಾಕುವಾಗ ಅದರ ಬಾಯಿ ತೆರೆದಿದೆ, ಏದುಸಿರು. ಇದನ್ನು ನಾನು ದಿನಾ ಬೆನ್ನ ಹಿಂದೆ ಬಿಟ್ಟು ಹೋಗುತ್ತಿದ್ದೆ. ಬಾಗಿಲು ಹಾಕಿಕೊಳ್ಳುತ್ತದೆ. ಸುಮಾರು 40 ಸೆಕೆಂಡು ಅದು ಕಲ್ಲಿನ ಹಾಗೆ ನಿಂತಿದೆ, ಕಿವಿ ಮಾತ್ರ ಬಾಗಿಲ ಕಡೆ. ಆಮೇಲೆ ಬಾಗಿಲಿಂದ ಕಿಟಕಿಗೆ, ಕಿಟಕಿಯಿಂದ ಬಾಗಿಲಿಗೆ. ಮೂರನೇ ನಿಮಿಷಕ್ಕೆ ಕೆರೆಯತೊಡಗಿತು. ಆರನೇ ನಿಮಿಷಕ್ಕೆ ಕುತ್ತಿಗೆ ಮೇಲೆತ್ತಿ ಮೊದಲ ಊಳು. ರೊಟ್ಟಿಯ ತಾಟು ಕಾಲಿಗೆ ತಾಗಿ ಉರುಳಿತು, ಅದಕ್ಕೆ ಗೊತ್ತೇ ಆಗಲಿಲ್ಲ. ಹನ್ನೊಂದನೇ ನಿಮಿಷಕ್ಕೆ ಎದೆಯ ಕೂದಲೆಲ್ಲ ಜೊಲ್ಲಿನಲ್ಲಿ ಒದ್ದೆ. ಒಮ್ಮೆ ಸುಸ್ತಾಗಿ ಬಾಗಿಲ ಸಂದಿಗೆ ಮೂಗು ಒತ್ತಿ ಮಲಗಿತು. ಹೊರಗೆ ಆಟೊ ಒಂದು ನಿಂತ ಸದ್ದು. ಧಡಕ್ಕನೆ ಎದ್ದು ಬಾಲ ಆಡಿಸಿತು. ಆಟೊ ಹೋಯಿತು. ಮತ್ತೆ ಶುರು.

ನಮ್ಮನೆಯವರು ಹದಿನೆಂಟನೇ ನಿಮಿಷಕ್ಕೆ ಎದ್ದು ನೀರು ಕುಡಿಯಲು ಹೋದರು. ತಿರುಗಿ ಬರಲಿಲ್ಲ. ಉಳಿದದ್ದು ನಾನೊಬ್ಬಳೇ ನೋಡಿದೆ. ಮೋತಿ ಆಗ ನನ್ನ ಕಾಲ ಹತ್ತಿರವೇ ಗೊರಕೆ ಹೊಡೆಯುತ್ತಿತ್ತು.

ಡಾಕ್ಟರಿಗೆ ವಾಟ್ಸಾಪಿನಲ್ಲಿ ಕಳಿಸಿದೆ. ಮರುದಿನ ಫೋನಿನಲ್ಲಿ ಅರ್ಧ ತಾಸು ಮಾತಾಡಿದರು. ಅವರು ಹೇಳಿದ್ದರ ಸಾರ ಇಷ್ಟು. ಬೇಜಾರಾದ ನಾಯಿ ಬೇರೆ, ಹೆದರಿದ ನಾಯಿ ಬೇರೆ. ಬೇಜಾರಾದದ್ದು ಕೈಗೆ ಸಿಕ್ಕಿದ್ದನ್ನು ಕಡಿಯುತ್ತದೆ, ಚಪ್ಪಲಿ, ದಿಂಬು, ಪೇಪರು, ಯಾವಾಗ ಬೇಕಾದರೂ. ನಡುವೆ ತಿನ್ನುತ್ತದೆ, ನಿದ್ದೆ ಮಾಡುತ್ತದೆ. ಒಂಟಿಯಾಗಿರಲು ಹೆದರುವ ನಾಯಿ ಬಾಗಿಲು, ಕಿಟಕಿಯ ಮೇಲೇ ಬೀಳುತ್ತದೆ. ಅದೂ ಸಾಮಾನ್ಯವಾಗಿ ನೀವು ಹೋದ ಮೊದಲ ಅರ್ಧ ತಾಸಿನೊಳಗೇ ಶುರು ಮಾಡುತ್ತದೆ. ಎದುರಿಗೆ ಎಂಥ ತಿಂಡಿ ಇದ್ದರೂ ಮುಟ್ಟುವುದಿಲ್ಲ. ಸಿಟ್ಟಿಗಲ್ಲ, ಸೇಡಿಗಲ್ಲ. ಬೆಂಕಿ ಬಿದ್ದ ಮನೆಯಿಂದ ನಾವು ಹೊರಗೆ ಓಡುವ ಹಾಗೆ. ಅದು ಅಂಟಿಕೊಂಡಿರುವುದು ಮನುಷ್ಯರಿಗೆ, ಹಾಗಾಗಿ ಇನ್ನೊಂದು ನಾಯಿ ತಂದರೆ ಬಹಳಷ್ಟು ಸಲ ಉಪಯೋಗ ಆಗುವುದಿಲ್ಲ.

ಚಪ್ಪಲಿ ಎತ್ತಿದ ಕಥೆ ಹೇಳಿದೆ. ಮುಚ್ಚಿಡುವುದು ಯಾಕೆ. ಅವರು ಬೈಯಲಿಲ್ಲ. ಅಮೆರಿಕದ ಅಲೆಕ್ಸಾಂಡ್ರಾ ಹೊರೊವಿಟ್ಜ್ ಅನ್ನುವವರು 2009ರಲ್ಲಿ ಪ್ರಕಟಿಸಿದ ಒಂದು ಪ್ರಯೋಗದ ಬಗ್ಗೆ ಹೇಳಿದರು. ನಾಯಿ ತಿನ್ನಬೇಡ ಅಂದ ತಿಂಡಿ ತಿಂದಿದೆ ಅಂತ ಕೆಲವು ಸಲ ಮಾಲೀಕರಿಗೆ ಸುಳ್ಳೇ ಹೇಳಿದರಂತೆ. ನಾಯಿ ತಿಂದಿರಲಿ ಬಿಡಲಿ, ಬೈಸಿಕೊಂಡಾಗ ಆ ತಪ್ಪಿತಸ್ಥ ಮುಖ ಬಂತು. ನಾವು ನೋಡುವ ಆ ಮುಖ ನಮ್ಮ ಸಿಟ್ಟಿಗೆ ಉತ್ತರ, ಅದರ ತಪ್ಪಿನ ಒಪ್ಪಿಗೆ ಅಲ್ಲ. ನಾನು ಹೊರಗೆ ಹೋದರೆ ಹೆದರಿಕೆ, ಒಳಗೆ ಬಂದರೂ ಹೆದರಿಕೆ ಅನ್ನುವ ಸ್ಥಿತಿಗೆ ಅದನ್ನು ತಂದಿಟ್ಟಿದ್ದೆ ನೋಡಿ.

ಆಮೇಲೆ ಅವರು ಹೇಳಿದ ಮಾತಿಗೆ ಮಾತ್ರ ನಾನು ಬೆಚ್ಚಿಬಿದ್ದೆ. “ಇವತ್ತಿಂದ ಅದನ್ನ ಒಂದು ನಿಮಿಷಾನೂ ಒಂಟಿ ಬಿಡಬ್ಯಾಡ್ರಿ, ಕಲಿಸೂ ಹೊತ್ತು ಬಿಟ್ಟು.” ಹೆದರಿಕೆ ಪ್ರತಿ ಸಲ ಹೊಸದಾಗಿ ಗಟ್ಟಿಯಾಗುತ್ತದೆಯಂತೆ. ಒಂದು ಕಡೆ ಕಲಿಸುತ್ತಾ ಇನ್ನೊಂದು ಕಡೆ ಏಳು ತಾಸು ಅಳಿಸಿದರೆ ಕಲಿತದ್ದು ನಿಲ್ಲುವುದಿಲ್ಲ.

ಸರ್ಕಾರಿ ನೌಕರಳಿಗೆ ಇದು ಹೇಗೆ ಸಾಧ್ಯ? ಗಳಿಕೆ ರಜೆ ಹನ್ನೆರಡು ದಿನ ಹಾಕಿದೆ. ಅರ್ಜಿಯಲ್ಲಿ ‘ಕೌಟುಂಬಿಕ ಕಾರಣ’ ಅಂತ ಬರೆದೆ. ಸುಳ್ಳೇನಲ್ಲ. ರಜೆ ಮುಗಿಯುವುದರೊಳಗೆ ಮೇಲಿನ ಮನೆಯ ಹುಡುಗ ಸಿಕ್ಕ. ಪಿಎಸ್‌ಐ ಪರೀಕ್ಷೆಗೆ ಓದುತ್ತಿದ್ದ. ಅವನ ಕೋಣೆ ತಗಡಿನ ಮಾಳಿಗೆ, ನಮ್ಮ ಪಡಸಾಲೆಯಲ್ಲಿ ಕೂಲರ್ ಇದೆ. “ಆಂಟಿ, ನಾ ಇಲ್ಲೇ ಕುಂತು ಓದ್ತೀನ್ರಿ” ಅಂದ. ಅವನಿಗೆ ತಂಪು, ಮೋತಿಗೆ ಜೊತೆ, ಮಧ್ಯಾಹ್ನದ ರೊಟ್ಟಿ ಪಲ್ಯ ನನ್ನದು. ಗಟ್ಟಿಯಾಗಿ ಓದುವ ಅಭ್ಯಾಸ ಅವನಿಗೆ. ಸಂವಿಧಾನದ ಕಲಂಗಳನ್ನೆಲ್ಲ ಮೋತಿ ಕೇಳಿಸಿಕೊಂಡು ಮಲಗಿದೆ. ಅವನಿಗೆ ಕೋಚಿಂಗ್ ಇದ್ದ ದಿನ ಪಕ್ಕದ ಆಯಿ ಬಂದು ತೊಗರಿಬೇಳೆ ಆರಿಸುತ್ತಾ ಕೂರುತ್ತಿದ್ದರು. ನಾಯಿ ಅತ್ತರೆ ಓಣಿಗೆ ಕೆಟ್ಟದ್ದು ಅಂದವರೇ.

ಕಲಿಸುವ ಕೆಲಸ ನೋಡುವವರಿಗೆ ಹುಚ್ಚಾಟ. ಮೊದಲ ವಾರ ಹೊರಗೆ ಹೋಗಲೇ ಇಲ್ಲ. ಚಾವಿ ತೆಗೆದೆ, ಮತ್ತೆ ಮೊಳೆಗೆ ಹಾಕಿದೆ. ಬ್ಯಾಗ್ ಹೆಗಲಿಗೆ ಹಾಕಿಕೊಂಡು ಬಳ್ಳೊಳ್ಳಿ ಸುಲಿಯುತ್ತಾ ಕೂತೆ. ಚಪ್ಪಲಿ ಮೆಟ್ಟಿಕೊಂಡು ಧಾರಾವಾಹಿ ನೋಡಿದೆ. ದಿನಕ್ಕೆ ಇಪ್ಪತ್ತು, ಮೂವತ್ತು ಸಲ. ಚಾವಿ ಸದ್ದು ಅಂದರೆ ಹೊರಟಳು ಅನ್ನುವ ಲೆಕ್ಕ ಅದರ ತಲೆಯಿಂದ ಹೋಗಬೇಕು. ಒಂಬತ್ತನೇ ದಿನ ಚಾವಿ ಅಲ್ಲಾಡಿಸಿದರೆ ಮೋತಿ ಒಂದು ಕಣ್ಣು ತೆರೆದು ಮತ್ತೆ ಮುಚ್ಚಿತು. ಆ ಕಣ್ಣಿನ ಸಲುವಾಗಿ ನಾನು ಹನ್ನೆರಡು ದಿನದ ರಜೆ ಹಾಕಿದ್ದೆ.

ಆಮೇಲೆ ಬಾಗಿಲು. ಹೊರಗೆ ಹೋಗಿ ಬಾಗಿಲು ಹಾಕಿ, ಎರಡು ಎಣಿಸಿ, ಒಳಗೆ. ಎರಡು ನಿಮಿಷ ಅಲ್ಲ, ಎರಡು ಸೆಕೆಂಡು. ಹೆದರಿಕೆ ಶುರುವಾಗುವ ಮೊದಲೇ ವಾಪಸ್ ಬರಬೇಕು, ಗುಟ್ಟು ಅದೊಂದೇ. ಆಕಳಿಸುವುದು, ತುಟಿ ನೆಕ್ಕುವುದು, ಏದುಸಿರು, ಇವು ಕಂಡರೆ ಜಾಸ್ತಿ ಹೊತ್ತು ಆಯಿತು ಅಂತ ಅರ್ಥ. ಮಗಳ ಹಳೇ ನೋಟುಬುಕ್ಕಿನಲ್ಲಿ ಬರೆದಿಟ್ಟಿದ್ದೇನೆ. ಜುಲೈ 9ಕ್ಕೆ 12 ಸೆಕೆಂಡು. ಮರುದಿನ 5, 15, 8, 20, 3. ದಿನಾ ಏರಿಸುತ್ತಲೇ ಹೋದರೆ ನಾಯಿಗೆ ಅದೂ ಗೊತ್ತಾಗುತ್ತದೆ, ಅದಕ್ಕೇ ಹಿಂದೆ ಮುಂದೆ. ಜುಲೈ ಕೊನೆಗೆ ಒಂದು ನಿಮಿಷ ದಾಟಿತು. ಎದುರು ಮನೆಯವರು ಒಂದು ಸಂಜೆ ಕೇಳಿಯೇ ಬಿಟ್ಟರು, “ವೈನಿ, ಏನರೆ ಕಳಕೊಂಡೀರೇನು? ಒಳಗ ಹೊರಗ ಮಾಡ್ಲತ್ತೀರಿ.”

ಜೊತೆಗೆ ಗುಳಿಗೆಯೂ ಇತ್ತು, ಫ್ಲುಯೊಕ್ಸೆಟಿನ್. ಮನುಷ್ಯರ ಖಿನ್ನತೆಗೆ ಕೊಡುವುದೂ ಅದೇ. 2007ರಲ್ಲಿ ಅಮೆರಿಕದಲ್ಲಿ ನಾಯಿಗಳ ಇದೇ ತೊಂದರೆಗೆ ಅದಕ್ಕೆ ಒಪ್ಪಿಗೆ ಸಿಕ್ಕಿದೆ. ಮಂಪರಿನ ಗುಳಿಗೆ ಹಾಗೆ ಕೆಡವಿ ಮಲಗಿಸುವುದಿಲ್ಲ, ಹೆದರಿಕೆಯ ಮಟ್ಟ ಇಳಿಸಿ ಕಲಿಯಲು ಎಡೆ ಮಾಡಿಕೊಡುತ್ತದೆ. ಕೆಲಸ ಶುರು ಮಾಡಲು ನಾಲ್ಕರಿಂದ ಆರು ವಾರ ಬೇಕು. ಮೊದಲ ವಾರ ಮೋತಿಗೆ ಊಟ ಸೇರಲಿಲ್ಲ, ಬಿಟ್ಟುಬಿಡೋಣ ಅನ್ನಿಸಿತ್ತು. ಒಂದು ಮಾತು: ಮನುಷ್ಯರ ಔಷಧ ಅಂಗಡಿಯಲ್ಲಿ ಸಿಗುತ್ತದೆ ಅಂತ ಡಾಕ್ಟರನ್ನು ಕೇಳದೆ ಕೊಡಲು ಹೋಗಬೇಡಿ, ಸುಮ್ನೆ ನಿಲ್ಲಿಸಲೂ ಬೇಡಿ. ಸಂಬಂಧಿಕರು ನಕ್ಕರು. “ನಾಯಿಗಿ ತಲಿ ಗುಳಿಗಿ?” ಅಂತ. ಅವರಿಗೆ ಆ ವಿಡಿಯೊ ತೋರಿಸುತ್ತಿದ್ದೆ. ನಗು ಆರನೇ ನಿಮಿಷಕ್ಕೆ ನಿಲ್ಲುತ್ತಿತ್ತು.

ಮೊಸರನ್ನ ಮಾಡಿ ಸ್ಟೀಲ್ ಬಟ್ಟಲಲ್ಲಿ ಫ್ರಿಜ್ಜಿನ ಮೇಲಿನ ಖಾನೆಗಿಟ್ಟು ಗಡ್ಡೆ ಕಟ್ಟಿಸಿ ಕೊಡುತ್ತಿದ್ದೆ. ನೆಕ್ಕಲು ಹತ್ತು ಹದಿನೈದು ನಿಮಿಷ ಬೇಕು. ಉಳ್ಳಾಗಡ್ಡಿ, ಒಣದ್ರಾಕ್ಷಿ ಹಾಕಬಾರದು, ನಾಯಿಗೆ ವಿಷ. ಇದರಿಂದ ಹೆದರಿಕೆ ಹೋಗುವುದಿಲ್ಲ, ಆದರೆ ಅಳತೆ ಸಿಗುತ್ತದೆ. ಬಟ್ಟಲು ಮುಟ್ಟಿಲ್ಲ ಅಂದರೆ ನಾನು ಜಾಸ್ತಿ ಹೊತ್ತು ಹೊರಗಿದ್ದೆ ಅಂತ ಅರ್ಥ.

ಗಣಪತಿ ಹಬ್ಬದ ಮುಂಚೆ 45 ನಿಮಿಷಕ್ಕೆ ಬಂದಿದ್ದೆವು. ನಾನು ಶರಣಬಸವೇಶ್ವರ ಕೆರೆಯ ಕಡೆ, ನಾವು ಅಪ್ಪನ ಕೆರೆ ಅನ್ನುತ್ತೇವೆ, ಒಂದು ಸುತ್ತು ಹಾಕಿ ಬರುವಷ್ಟು ಹೊತ್ತು. ವಿಸರ್ಜನೆಯ ದಿನ ಡಿಜೆ ನಮ್ಮ ಓಣಿಯ ತಿರುವಿನಲ್ಲೇ ನಿಂತಿತು, ಪಟಾಕಿ ಸರ ಹಚ್ಚಿದರು. ನಾನು ಮನೆಯಲ್ಲಿಲ್ಲ. ಬಂದು ನೋಡಿದರೆ ಹೊಸದಾಗಿ ಬಣ್ಣ ಬಳಿಸಿದ್ದ ಚೌಕಟ್ಟು ಮತ್ತೆ ಕಡಿದಿದೆ. ಮರುದಿನ ಮೂರು ನಿಮಿಷವೂ ನಿಲ್ಲಲಿಲ್ಲ. ಆ ರಾತ್ರಿ ನಾನು ಅತ್ತದ್ದು ನಿಜ. ಡಾಕ್ಟರು ಫೋನಿನಲ್ಲಿ, “ಮೂರಕ್ಕ ಬಂತಾ? ಹಂಗಾರ ಎರಡರಿಂದ ಶುರು ಮಾಡ್ರಿ” ಅಂದರು, ಬಸ್ಸಿನ ವೇಳೆ ಹೇಳಿದ ಹಾಗೆ. ಈ ಸಲ ಬೇಗ ಏರಿತು. ದಸರೆಗೆ ಒಂದು ತಾಸು. ದೀಪಾವಳಿಯ ಮೂರು ದಿನ ಇಬ್ಬರೂ ಮನೆ ಬಿಟ್ಟು ಕದಲಲಿಲ್ಲ. ಅರ್ಧ ತಾಸಿನ ಗಡಿ ದಾಟಿದ ಮೇಲೆ ನಿಮಿಷ ಎಣಿಸುವ ಕಷ್ಟ ಕಡಿಮೆ ಆಗುತ್ತದೆ, ಹತ್ತು ಹದಿನೈದರ ಹೆಜ್ಜೆ ಹಾಕಬಹುದು. ಡಿಸೆಂಬರಿನಲ್ಲಿ ಎರಡೂವರೆ ತಾಸು. ಫೆಬ್ರುವರಿಯಲ್ಲಿ ನಾಲ್ಕು.

ನಾಲ್ಕು ತಾಸಿಗೆ ನಿಂತಿದೆ, ಅದಕ್ಕಿಂತ ನಾನೂ ಎಳೆಯಲು ಹೋಗಿಲ್ಲ. ಊಟದ ಬಿಡುವಿನಲ್ಲಿ ಸ್ಕೂಟಿಯಲ್ಲಿ ಮನೆಗೆ ಬಂದು ಹೋಗುತ್ತೇನೆ. ಮಾಲಕರಿಗೆ ಚೌಕಟ್ಟಿನ ದುಡ್ಡು ಕೊಟ್ಟಾಯಿತು. ಅವರು ಸವರುವ ಜಾಗ ಬದಲಿಸಿದ್ದಾರೆ, ಈಗ ಮೇಲಿನ ಅರ್ಧ.

ಊರಿನ ಮನೆ ಈಗ ನೆನಪಾದರೆ ನನಗೆ ಕಾಣುವುದು ಬಾಗಿಲು. ಬೆಳಿಗ್ಗೆ ಐದಕ್ಕೆ ತೆರೆದರೆ ರಾತ್ರಿ ಮಲಗುವಾಗಲೇ ಹಾಕುತ್ತಿದ್ದದ್ದು. ಹಗಲೆಲ್ಲ ಕಟ್ಟೆಯ ಮೇಲೆ ಯಾರಾದರೂ ಒಬ್ಬರು. ಐದು ವರ್ಷದಲ್ಲಿ ಮೋತಿ ಒಂದು ಸಲವೂ ಮುಚ್ಚಿದ ಬಾಗಿಲಿನ ಈ ಕಡೆ ಒಂಟಿಯಾಗಿ ನಿಂತಿರಲಿಲ್ಲ. ಕಲಿಯದೇ ಇದ್ದ ಪಾಠದಲ್ಲಿ ಫೇಲ್ ಆಯಿತು ಅಂತ ನಾನು ಚಪ್ಪಲಿ ಎತ್ತಿದ್ದೆ.

ಈಗ ಮತ್ತೆ ಮೇ. ಆಫೀಸು ಒಂದೂವರೆಗೆ ಬಿಡುತ್ತದೆ. ಮಗಳು ರಜೆಗೆ ಬಂದಿದ್ದಾಳೆ. ದಿನಾ ಎರಡೂವರೆಗೆ ಅವಳನ್ನೂ ಎಬ್ಬಿಸಿಕೊಂಡು, ಮೊಸರನ್ನದ ಬಟ್ಟಲು ಇಟ್ಟು, ಬಾಗಿಲು ಹಾಕಿ ಪಕ್ಕದ ಮನೆಗೆ ಹೋಗಿ ಕೂರುತ್ತೇನೆ. ಹೊರಗೆ 43 ಡಿಗ್ರಿ. ನಮ್ಮ ಮನೆಯ ಕೂಲರ್ ಮೋತಿಯ ಸಲುವಾಗಿ ಓಡುತ್ತಿರುತ್ತದೆ, ಅವರ ಮನೆಯಲ್ಲಿ ಕರೆಂಟು ಹೋದರೆ ನಾವು ಬೀಸಣಿಕೆ ಹಿಡಿಯುತ್ತೇವೆ. ಮೊನ್ನೆ ಆಯಿ ಹೊರಸಿನಿಂದ ತಲೆ ಎತ್ತಿ ಕೇಳಿದರು.

“ಯವ್ವಾ, ನಿನ್ನ ಮನಿ ಆಟು ತಂಪ ಅದ. ಇಲ್ಲಿ ಯಾಕ ಬೆವರ್ಲತ್ತಿ?”

“ನಾಯಿಗಿ ಜೂನ್ ಕಲಿಸ್ಲತ್ತೀನಿ ಆಯಿ” ಅಂದೆ.